ಮೂಳೆಮೀನು, ಮೃದ್ವಸ್ಥಿ ಮೀನು: ಗುರುತಿಸುವಿಕೆ ಬೆಳೆದು ಬಂದ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಯ ಅಂಗಡಿಗಳಲ್ಲಿ ತಕ್ಕಡಿಗೆ ಬೀಳುವ ಕಾಟ್ಲಾ, ರೋಹು, ಬಾಳೆಮೀನು ಎಲ್ಲವೂ ಮೂಳೆಮೀನುಗಳೇ. ಮೃದ್ವಸ್ಥಿ ಮೀನುಗಳಾದ ಶಾರ್ಕ್, ತೊರಕೆಗಳನ್ನು ನೋಡಬೇಕೆಂದರೆ ಮಂಗಳೂರು, ಮಲ್ಪೆಯ ಬಂದರಿಗೆ ಹೋಗಬೇಕು. ಹೀಗಾಗಿ ನಮ್ಮ ಮಕ್ಕಳು ಎರಡರ ವ್ಯತ್ಯಾಸವನ್ನು ಪುಸ್ತಕದ ಪಟ್ಟಿಯಿಂದ ಉರುಹೊಡೆಯುತ್ತಾರೆ. ಆ ಪಟ್ಟಿ ಎಷ್ಟು ಸಲ ತಿದ್ದುಪಡಿಯಾಗಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೃದ್ವಸ್ಥಿಯ ಮೀನುಗಳನ್ನು ಅರಿಸ್ಟಾಟಲನೇ ಬೇರೆ ಗುಂಪಾಗಿ ನೋಡಿದ್ದ. ಅವುಗಳಲ್ಲಿ ಹಲವು ಮರಿ ಹಾಕುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು. ಆದರೆ 1758ರಲ್ಲಿ ಲಿನೇಯಸ್ ಶಾರ್ಕುಗಳನ್ನು ಮೀನಿನ ವರ್ಗದಿಂದಲೇ ತೆಗೆದು ಉಭಯಚರಗಳ ಸಾಲಿಗೆ ಸೇರಿಸಿಬಿಟ್ಟ. 1800ರಲ್ಲಿ ಮದ್ದೂರು, ಮಂಡ್ಯದ ಹಾದಿಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಫ್ರಾನ್ಸಿಸ್ ಬುಕಾನನ್, 1822ರಲ್ಲಿ ಗಂಗೆಯ ಮೀನುಗಳ ಗ್ರಂಥ ಪ್ರಕಟಿಸಿದ. ರೋಹು, ಕಾಟ್ಲಾಗಳಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಅದರಲ್ಲೇ. ನದಿಯ ತೊರಕೆಯೊಂದು ಕೂಡ ಅದೇ ಪುಸ್ತಕದಲ್ಲಿದೆ.

ಅನಂತರ ಅಗಾಸಿಜ್ ಎಂಬ ವಿಜ್ಞಾನಿ ಹುರುಪೆಗಳನ್ನು ಆಧರಿಸಿ ಮೀನುಗಳನ್ನು ವಿಂಗಡಿಸಿದ. ಉಪಯುಕ್ತ ವಿಧಾನವೇ, ಆದರೆ ಅದೊಂದನ್ನೇ ನಂಬುವಂತಿಲ್ಲ. ನಮ್ಮ ಬಾಳೆಮೀನಿಗೆ ಹುರುಪೆಯೇ ಇಲ್ಲ. ಆದರೂ ಅದು ಅಪ್ಪಟ ಮೂಳೆಮೀನು. ಕಿವಿರಿನ ಹತ್ತಿರ ನೋಡಿದರೆ ಗೊತ್ತಾಗುತ್ತದೆ: ಗಟ್ಟಿ ಮುಚ್ಚಳವೊಂದು ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ಒಳಗೆ ಕೆಂಪು ಕಿವಿರುಗಳು ಸಾಲಾಗಿ ಕಾಣುತ್ತವೆ. ಶಾರ್ಕಿಗೆ ಈ ಮುಚ್ಚಳವಿಲ್ಲ. ಅದರ ಕತ್ತಿನ ಪಕ್ಕದಲ್ಲಿ ಐದರಿಂದ ಏಳು ಸೀಳುಗಳು ಬಯಲಾಗಿಯೇ ಇರುತ್ತವೆ. ಚರ್ಮವನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಉಪ್ಪುಕಾಗದದಂತೆ ತರಚುತ್ತದೆ. ಗಾಳಿಚೀಲವಿಲ್ಲ, ತೇಲಲು ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ನೆರವಾಗುತ್ತದೆ.

ಮೃದ್ವಸ್ಥಿ ಮೊದಲು, ಮೂಳೆ ಆಮೇಲೆ, ಶಾರ್ಕ್ ಹಳೆಯ ಮಾದರಿ ಎಂಬ ನಂಬಿಕೆ ಬಹುಕಾಲ ಉಳಿಯಿತು. ಈ ಕ್ಷೇತ್ರದ ನಿಜವಾದ ತಿರುವು ಇತ್ತೀಚಿನದು. 2014ರಲ್ಲಿ ಸಿಂಗಪುರದ ವಿಜ್ಞಾನಿ ಬೈರಪ್ಪ ವೆಂಕಟೇಶ್ ಮತ್ತು ಸಂಗಡಿಗರು ಎಲಿಫೆಂಟ್ ಶಾರ್ಕ್ ಎಂಬ ಮೃದ್ವಸ್ಥಿ ಮೀನಿನ ಜೀನೋಮನ್ನು ಓದಿದರು. ಮೃದ್ವಸ್ಥಿಯನ್ನು ಮೂಳೆಯಾಗಿಸಲು ಬೇಕಾದ ಜೀನುಗಳ ಒಂದು ಕುಟುಂಬವೇ ಅದರಲ್ಲಿರಲಿಲ್ಲ. ಅಂಥದೊಂದು ಜೀನನ್ನು ಜೀಬ್ರಾಮೀನಿನಲ್ಲಿ ತಗ್ಗಿಸಿದಾಗ ಮೂಳೆಯೂ ಕುಂದಿತು. (ಈ ಎಲಿಫೆಂಟ್ ಶಾರ್ಕಿನ ಕಿವಿರಿಗೆ ಚರ್ಮದ ಮುಚ್ಚಳವಿದೆ. ಮುಚ್ಚಳವೊಂದನ್ನೇ ನೆಚ್ಚಿದವರು ಇಲ್ಲಿ ಎಡವುತ್ತಾರೆ.) 2020ರಲ್ಲಿ ಮಂಗೋಲಿಯದಿಂದ ಸುಮಾರು 41 ಕೋಟಿ ವರ್ಷ ಹಳೆಯ ಮಿಂಜಿನಿಯಾ ಎಂಬ ಮೀನಿನ ಪಳೆಯುಳಿಕೆಯ ವಿವರ ಪ್ರಕಟವಾಯಿತು. ಶಾರ್ಕ್ ಮತ್ತು ಮೂಳೆಮೀನುಗಳ ಕವಲು ಒಡೆಯುವ ಮುಂಚಿನ ವಂಶದ ಆ ಮೀನಿನ ತಲೆಬುರುಡೆಯಲ್ಲಿ ಮೃದ್ವಸ್ಥಿಯೊಳಗೆ ಬೆಳೆದ ಮೂಳೆಯಿತ್ತು. ಅಂದರೆ ಶಾರ್ಕಿನ ಪೂರ್ವಜರಲ್ಲಿ ಮೂಳೆ ಇದ್ದು ಆಮೇಲೆ ಕಳೆದುಹೋಗಿರುವ ಸಾಧ್ಯತೆಯೇ ಹೆಚ್ಚು.

ನಮ್ಮ ಶಾಲೆಗಳ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಪೇಟೆಯಿಂದ ಒಂದು ರೋಹುವಿನ ತಲೆ ತರಿಸಿ, ಕಿವಿರಿನ ಮುಚ್ಚಳವನ್ನು ಮಕ್ಕಳ ಕೈಯಿಂದಲೇ ಎತ್ತಿಸಿ ತೋರಿಸಿ. ಶಾರ್ಕಿನ ಪಾಠ ಬಂದಾಗ ಅದನ್ನು ಮೂಳೆ ಬೆಳೆಯದೆ ಉಳಿದುಹೋದ ಮೀನು ಎಂದು ಮಾತ್ರ ದಯವಿಟ್ಟು ಹೇಳಬೇಡಿ.