ಬೇಲಿ ಯಾರ ಸುತ್ತ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಮ್ಮ ಬೀದರ ಸೀಮೆಯ ಮನೆಮನೆಯಲ್ಲೂ ಕೇಳಿಬರುತ್ತದೆ. ಸೊಸೆಯ ಮೇಲೆ ಸಿಟ್ಟು ಬಂದಾಗ ಅತ್ತೆ ಆಡುವ ಮಾತು ಇದು. ಅತ್ತೆಯ ಬೆನ್ನ ಹಿಂದೆ ಸೊಸೆ ಆಡುವ ಮಾತೂ ಇದೇ. ಆದರೆ ರಾಜ್ಯ ಆಳುವವರೂ ಇಂಥದೇ ನಂಬಿಕೆಯ ಮೇಲೆ ಕಾನೂನು ಕಟ್ಟುತ್ತಾರೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಮನುಷ್ಯ ಒಳ್ಳೆಯವನೆಂದು ನಂಬಿದವರು ಒಂದು ಬಗೆಯ ಕಾನೂನು ಬರೆದರೆ, ಅವನು ದುರ್ಬಲನೆಂದು ನಂಬಿದವರು ಇನ್ನೊಂದು ಬಗೆಯದನ್ನು ಬರೆಯುತ್ತಾರೆ.

ಹಳೆಯದನ್ನು ಉಳಿಸಿಕೊಳ್ಳಬೇಕೆನ್ನುವ ಸಂಪ್ರದಾಯವಾದಿಗಳೆಲ್ಲ ಒಂದೇ ಬಾಯಿಂದ ಮಾತಾಡುತ್ತಾರೆ ಎಂದು ನಾವು ತಿಳಿದಿದ್ದೇವೆ. ಅದು ಹಾಗಿಲ್ಲ. ನೂರ ಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ಹೆಣ್ಣುಮಕ್ಕಳ ಮದುವೆಯ ವಯಸ್ಸಿನ ಬಗ್ಗೆ ನಡೆದ ದೊಡ್ಡ ಜಗಳವನ್ನೇ ನೋಡೋಣ.

1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಹತ್ತು-ಹನ್ನೊಂದರ ಬಾಲಕಿ, ತನಗಿಂತ ಎಷ್ಟೋ ದೊಡ್ಡವನಾದ ಗಂಡನಿಂದಾದ ಗಾಯದಿಂದ ಸತ್ತಳು. ಅದರ ಮರುವರ್ಷ ಬ್ರಿಟಿಷ್ ಸರಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಎರಡೇ ವರ್ಷ! ಅಷ್ಟಕ್ಕೇ ದೇಶದಲ್ಲಿ ಗದ್ದಲವೆದ್ದಿತು.

ವಿರೋಧಿಸಿದವರಲ್ಲಿ ಒಂದು ಗುಂಪು ಶಾಸ್ತ್ರ ಹೇಳುವವರದು. ಅವರ ಲೆಕ್ಕದಲ್ಲಿ ಮನಸ್ಸು ಜಾರುವಂಥದು, ಹೆಣ್ಣಿನ ಮನಸ್ಸಂತೂ ಇನ್ನೂ ಹೆಚ್ಚು. ಆದ್ದರಿಂದ ಆಕೆ ದೊಡ್ಡವಳಾಗುವ ಮೊದಲೇ ಮದುವೆಯ ಬೇಲಿ ಹಾಕಬೇಕು.

ಬಾಲಗಂಗಾಧರ ತಿಲಕರೂ ಈ ಕಾನೂನನ್ನು ವಿರೋಧಿಸಿದರು. ಆದರೆ ಅವರ ಕಾರಣವೇ ಬೇರೆ. ಪರಕೀಯ ಸರಕಾರ ನಮ್ಮ ಮನೆಯೊಳಗೆ ಕೈಹಾಕಬಾರದು, ತಿದ್ದುಪಡಿ ನಮ್ಮೊಳಗಿನಿಂದಲೇ ಬರಬೇಕು ಎಂಬುದು ಅವರ ವಾದ. 1890ರಲ್ಲಿ ಪುಣೆಯಲ್ಲಿ ಅವರು ಸುಧಾರಕರ ಮುಂದೆ ಕೆಲವು ಕರಾರುಗಳನ್ನಿಟ್ಟರು: ಹುಡುಗಿಗೆ 16, ಹುಡುಗನಿಗೆ 20 ತುಂಬುವ ತನಕ ಮದುವೆ ಬೇಡ, ಸುಧಾರಣೆ ಬೇಕೆನ್ನುವವರು ಮೊದಲು ತಮ್ಮ ಮನೆಯಲ್ಲಿ ಇದನ್ನು ಪಾಲಿಸಲಿ. ಸರಕಾರ ಹೇಳಿದ್ದಕ್ಕಿಂತ ಇದು ಎಷ್ಟೋ ಮುಂದಿನ ಮಾತು. ಮನುಷ್ಯ ತಿಳಿವಳಿಕೆಯಿಂದ ತಾನಾಗಿ ಬದಲಾಗುತ್ತಾನೆ ಎಂಬ ದೊಡ್ಡ ನಂಬಿಕೆ ಇದರ ಹಿಂದಿತ್ತು.

ಮೂರನೆಯ ದಾರಿ ಮೈಸೂರಿನದು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪ್ರಜಾಪ್ರತಿನಿಧಿ ಸಭೆಯಲ್ಲಿ ಪರ-ವಿರೋಧ ಚರ್ಚೆಗಳಾಗಿ, 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ಬಂತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ ಮಾಡಕೂಡದು ಎಂಬುದು ಅದರ ಒಂದು ಮಾತು. ಇಷ್ಟು ಕಡಿಮೆಯೇ ಎಂದು ಇಂದು ನಗು ಬರಬಹುದು. ಆದರೆ ಇನ್ನೊಂದು ಮಾತನ್ನು ನೋಡಿ: ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ರೂಢಿಯನ್ನು ಬುಡಸಮೇತ ಕೀಳದೆ, ಅದು ಅತಿಯಾದ ಕಡೆ ಮಾತ್ರ ಕತ್ತರಿಸಿದ ಕಾನೂನು ಇದು. ಆದರೂ ಮುದುಕನ ಆಸೆಯೂ ಮನುಷ್ಯ ಸ್ವಭಾವವೇ, ಅದಕ್ಕೂ ಬೇಲಿ ಬೇಕು ಎಂಬುದನ್ನು ಅದು ಒಪ್ಪಿಕೊಂಡಿತು. ಶಾಸ್ತ್ರದವರು ಕಾಣದೆ ಹೋದದ್ದು ಇದನ್ನೇ.

ಈ ಮಾತು ಬಂದಾಗ ನನಗೆ ನಮ್ಮ ಬೀದರಿನ ಮಹಮೂದ್ ಗಾವಾನ ನೆನಪಾಗುತ್ತಾನೆ. ಬಗದಲ್‌ನಿಂದ ಬೀದರಿಗೆ ಬಂದವರು 1472ರಲ್ಲಿ ಅವನು ಕಟ್ಟಿಸಿದ ಮದರಸಾ ನೋಡದೆ ಹೋಗುವುದಿಲ್ಲ. ಬಹಮನಿ ರಾಜ್ಯದ ನಾಲ್ಕು ಪ್ರಾಂತಗಳನ್ನು ಅವನು ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಇರಬೇಕು, ಉಳಿದವು ಸುಲ್ತಾನನ ನೇರ ವಶದಲ್ಲಿರಬೇಕು ಎಂದ. ಎಷ್ಟೇ ನಂಬಿಗಸ್ತನಾದರೂ ಕೈಯಲ್ಲಿ ಹೆಚ್ಚು ಕೋಟೆ ಬಂದರೆ ಬುದ್ಧಿ ಕೆಡುತ್ತದೆ ಎಂಬ ಲೆಕ್ಕ. ಆದರೆ ಸುಲ್ತಾನನ ಸುತ್ತ ಯಾವ ಬೇಲಿಯೂ ಇರಲಿಲ್ಲ. ವಿರೋಧಿಗಳು ಗಾವಾನನ ಮೊಹರಿರುವ ಸುಳ್ಳು ಪತ್ರ ಹುಟ್ಟಿಸಿ ತೋರಿಸಿದರು. 1481ರಲ್ಲಿ ಮೂರನೆಯ ಮಹಮ್ಮದ್ ಶಾ ವಿಚಾರಣೆಯಿಲ್ಲದೆ ಆ ವೃದ್ಧ ಮಂತ್ರಿಯ ತಲೆ ಹಾರಿಸಿದ. ಕೆಳಗಿನವರನ್ನು ಮಾತ್ರ ಶಂಕಿಸಿದ ವ್ಯವಸ್ಥೆಗೆ ಮೇಲಿನವನ ದೌರ್ಬಲ್ಯವೇ ಮುಳುವಾಯಿತು.

ಇಂಗ್ಲೆಂಡಿನ ಸಂಪ್ರದಾಯವಾದಿ ಚಿಂತಕರಿಗೆ ಗುರುವಿನಂತಿದ್ದ ಎಡ್ಮಂಡ್ ಬರ್ಕ್ ಇದನ್ನು ಅರಿತಿದ್ದ. ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ 1790ರಲ್ಲಿ ಪುಸ್ತಕ ಬರೆದವನು ಅವನು. ಒಬ್ಬನ ಬುದ್ಧಿ ಚಿಕ್ಕದು, ತಲೆತಲಾಂತರದಿಂದ ಬಂದ ರೂಢಿಯಲ್ಲಿ ಹೆಚ್ಚು ವಿವೇಕವಿದೆ ಎಂಬುದು ಅವನ ಮತ. ಆದರೆ ಅದೇ ಬರ್ಕ್ ವಾರನ್ ಹೇಸ್ಟಿಂಗ್ಸನ ಮೇಲೆ ವಿಚಾರಣೆ ಹೂಡಲು ಮುಂದಾದ. ಅವಧದ ಬೇಗಮರನ್ನು ಪೀಡಿಸಿ ಹಣ ಕಿತ್ತದ್ದೂ ಆರೋಪಗಳಲ್ಲಿ ಒಂದು. 1788ರಿಂದ 1795ರವರೆಗೆ ನಡೆದ ಆ ವಿಚಾರಣೆಯಲ್ಲಿ ಹೇಸ್ಟಿಂಗ್ಸ್ ಬಿಡುಗಡೆಯಾದ, ನಿಜ. ಆದರೂ ಮನುಷ್ಯ ದುರ್ಬಲನೆಂದು ನಂಬುವವನು ಬಲವಂತನನ್ನೇ ಮೊದಲು ಪ್ರಶ್ನಿಸಬೇಕು ಎಂಬುದನ್ನು ಬರ್ಕ್ ಮಾಡಿ ತೋರಿಸಿದ.

ತಿಲಕರ ನಂಬಿಕೆ ಏನಾಯಿತು? ಜನ ತಾವಾಗಿಯೇ ಬದಲಾಗಲಿಲ್ಲ. ಕೊನೆಗೆ 1929ರಲ್ಲಿ ಶಾರದಾ ಕಾಯ್ದೆ ತರಬೇಕಾಯಿತು. ಅದು ಹುಡುಗಿಗೆ 14, ಹುಡುಗನಿಗೆ 18 ಎಂದಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿಗೆ ಬ್ರಿಟಿಷ್ ಇಂಡಿಯಾದ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ನನ್ನ ಅಜ್ಜಿಗೆ ಹತ್ತು ವರ್ಷಕ್ಕೇ ಮದುವೆಯಾಯಿತು. ಗಂಡನ ಮನೆಯಲ್ಲಿ ನೀರಿನ ಕೊಡ ಎತ್ತಲಾರದೆ ಅತ್ತದ್ದನ್ನು ಆಕೆ ಮುಪ್ಪಿನಲ್ಲೂ ಹೇಳುತ್ತಿದ್ದಳು. ಹಾಗಂತ ಕಾಯ್ದೆಯೊಂದೇ ಸಾಕು ಎನ್ನಲೂ ಬಾರದು. 2006ರ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ಎನ್ನುತ್ತದೆ. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇಷ್ಟಿದ್ದೂ ಒಂಬತ್ತನೆಯ ಇಯತ್ತೆಯ ಜಾಣ ಹುಡುಗಿಯೊಬ್ಬಳು ದಸರೆ ರಜೆಯ ನಂತರ ಶಾಲೆಗೆ ಬರಲಿಲ್ಲ. ವಿಚಾರಿಸಲು ಹೋದಾಗ ತಾಯಿ ಅಂದಳು: "ಕಾಲ ಕೆಟ್ಟದ ಅಕ್ಕೋರೆ. ದೊಡ್ಡಾಕಿ ಆದ ಹುಡುಗಿನ್ನ ಮನಿಯಾಗ ಹ್ಯಾಂಗ ಇಟ್ಕೊಳ್ಳಾದು?"

ಆ ತಾಯಿ ಕೆಟ್ಟವಳಲ್ಲ. ಅವಳ ಭಯ ನಿಜವಾದದ್ದು. ದಾರಿಯಲ್ಲಿ ಹುಡುಗರ ಕಾಟವಿದೆ, ಊರ ಬಾಯಿಯಿದೆ. ಆದರೆ ಕೆಟ್ಟಿರುವುದು ಕಾಲವಾದರೆ, ಕೂಡಿಹಾಕುವುದು ಹುಡುಗಿಯನ್ನೇಕೆ? ಕಳ್ಳನ ಭಯಕ್ಕೆ ಮನೆಯವರನ್ನೇ ಕಟ್ಟಿಹಾಕಿದಂತಾಯಿತು.

ಮನುಷ್ಯ ತಪ್ಪು ಮಾಡುವವನೇ, ಕಟ್ಟುಪಾಡು ಬೇಕು ಎಂಬ ಹಿರಿಯರ ಮಾತನ್ನು ನಾನೂ ತಳ್ಳಿಹಾಕುವುದಿಲ್ಲ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳಿಗೆ ಅದು ಗೊತ್ತು. ಆದರೆ ಆ ಮಾತು ನಿಜವಾದರೆ ಅದು ಎಲ್ಲರಿಗೂ ನಿಜ. ಮಗಳಷ್ಟೇ ಮಗನಿಗೂ, ಸೊಸೆಯಷ್ಟೇ ಮಾವನಿಗೂ, ಪ್ರಜೆಯಷ್ಟೇ ದೊರೆಗೂ. ಬೇಲಿ ಹಾಕುವ ಮಾತು ಇನ್ನೊಮ್ಮೆ ಮನೆಯಲ್ಲಿ ಬಂದಾಗ, ಯಾರ ಸುತ್ತ ಎಂದು ನಾವು ಕೇಳಬೇಕು. ಹಾಗೆ ಕೇಳಿದರೆ ಸಂಪ್ರದಾಯವೇನೂ ಮುರಿಯುವುದಿಲ್ಲ.