ಗಣಕ ನಮ್ಮದು, ಪ್ರೊಸೆಸರ್ ಯಾರದು?

2025ರ ಸೆಪ್ಟೆಂಬರ್ 2ರಂದು ದೆಹಲಿಯ ಸೆಮಿಕಾನ್ ಇಂಡಿಯಾ ಸಮ್ಮೇಳನದಲ್ಲಿ ಪ್ರಧಾನಮಂತ್ರಿಗಳಿಗೆ ಒಂದು ಚಿಪ್ ಅರ್ಪಿಸಿದ ಸುದ್ದಿಯನ್ನು ನೀವು ಓದಿರಬಹುದು. ಅದರ ಹೆಸರು ವಿಕ್ರಮ್ 3201. ರಾಕೆಟ್ಟಿನೊಳಗೆ ಕುಳಿತು ಅದನ್ನು ನಡೆಸುವ ಗಣಕಕ್ಕಾಗಿ ಇಸ್ರೋ ತಾನೇ ವಿನ್ಯಾಸ ಮಾಡಿಕೊಂಡ 32 ಬಿಟ್ ಪ್ರೊಸೆಸರ್ ಇದು. ಮೊಹಾಲಿಯ ಅರೆವಾಹಕ ಪ್ರಯೋಗಾಲಯದಲ್ಲಿ 180 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದದ್ದು.

ತರಗತಿಯಲ್ಲಿ ಇದನ್ನು ಹೇಳಿದರೆ ಚುರುಕಾದ ವಿದ್ಯಾರ್ಥಿ ಸುಮ್ಮನೆ ಬಿಡುವುದಿಲ್ಲ. ದುಬಾರಿ ಮೊಬೈಲುಗಳ ಚಿಪ್ಪುಗಳು 3 ನ್ಯಾನೊಮೀಟರ್ ತಂತ್ರಕ್ಕೆ ಬಂದಿವೆ. 180 ನ್ಯಾನೊಮೀಟರ್ ಎಂದರೆ 2000ದ ಸುಮಾರಿನ ಪೆಂಟಿಯಮ್ 3ರ ಕಾಲದ್ದು. ಕಾಲು ಶತಮಾನ ಹಿಂದಿನ ತಂತ್ರಕ್ಕೆ ಇಷ್ಟೊಂದು ಸಂಭ್ರಮವೇ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ನಾವು ಸುಮಾರು 40 ವರ್ಷ ಹಿಂದಕ್ಕೆ, ಬೆಂಗಳೂರಿಗೆ ಹೋಗಬೇಕು.

ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ತಿಳಿಯಲು ಬಿಡಿಸಬೇಕಾದ ಸಮೀಕರಣಗಳು ತೊಡಕಿನವು. ಕಾಗದದ ಮೇಲೆ ಬಿಡಿಸಲು ಬಾರದವು. ಗಾಳಿಯನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಕಲ್ಪಿಸಿಕೊಂಡು, ಪ್ರತಿ ತುಂಡಿಗೂ ಲೆಕ್ಕ ಹಾಕುತ್ತ ಹೋಗಬೇಕು. ಮುಂಗಾರಿನ ಮುನ್ಸೂಚನೆಗೂ ಇದೇ ಬಗೆಯ ಲೆಕ್ಕ. ಇದಕ್ಕೆ ಸೂಪರ್‌ಕಂಪ್ಯೂಟರ್ ಬೇಕು. 1980ರ ದಶಕದಲ್ಲಿ ಅದನ್ನು ಕೊಳ್ಳಲು ಹಣವಿದ್ದರೆ ಸಾಲದು, ಅಮೆರಿಕ ಸರ್ಕಾರದ ಒಪ್ಪಿಗೆಯೂ ಬೇಕಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆಂದು ಕೇಳಿದ್ದ ಕ್ರೇ ಯಂತ್ರಕ್ಕೆ ಆ ಒಪ್ಪಿಗೆ ಸಿಗಲಿಲ್ಲ. ಹವಾಮಾನ ಮುನ್ಸೂಚನೆಗೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ ದೆಹಲಿಗೆ ಒಂದು ಚಿಕ್ಕ ಕ್ರೇ ಬಂತು, ಅಷ್ಟೆ.

ಅಷ್ಟರಲ್ಲಿ ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಬೇರೊಂದು ದಾರಿ ಹಿಡಿದಿತ್ತು. ಆಗ ಅದರ ನಿರ್ದೇಶಕರು ರೊದ್ದಂ ನರಸಿಂಹ. ಯು. ಎನ್. ಸಿನ್ಹಾ ಅವರ ತಂಡ 1986ರಲ್ಲಿ ಫ್ಲೋಸಾಲ್ವರ್ ಎಂಬ ಗಣಕವನ್ನು ಕಟ್ಟಿತು. ಭಾರತದ ಮೊದಲ ಸಮಾಂತರ ಗಣಕಗಳ ಸಾಲಿನಲ್ಲಿ ಅದಕ್ಕೇ ಮುಂದಿನ ಸ್ಥಾನ. ಅದರಲ್ಲಿದ್ದದ್ದು ಇಂಟೆಲ್ 8086 ಪ್ರೊಸೆಸರ್, ಗಣಿತದಲ್ಲಿ ನೆರವಾಗಲು ಜೊತೆಗೊಂದು 8087. ಅಂಗಡಿಯಲ್ಲಿ ಸಿಗುವ ಸಾಧಾರಣ ಚಿಪ್ಪುಗಳು. ಒಂದೇ ಸಾಲದು ಎಂದಾಗ ಹಲವನ್ನು ಜೋಡಿಸಿ ಕೆಲಸ ಹಂಚಿದರು. ಒಬ್ಬ ದೈತ್ಯನ ಬದಲು ನಾಲ್ಕು ಜನ ಆಳುಗಳು ಎನ್ನಿ. ಈ ಉಪಾಯಕ್ಕೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಆರಂಭವಾಯಿತು. ವಿಜಯ್ ಭಾಟ್ಕರ್ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾದ ಕಥೆಯನ್ನು ನೀವು ಕೇಳಿರುತ್ತೀರಿ. ಅದರೊಳಗಿದ್ದ ಪ್ರೊಸೆಸರಿನ ಗತಿ ಏನಾಯಿತು ಎಂಬ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

ಅದು ಟ್ರಾನ್ಸ್‌ಪ್ಯೂಟರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಇನ್‌ಮಾಸ್ ಕಂಪನಿಯ ಸೃಷ್ಟಿ. ಇತರ ಪ್ರೊಸೆಸರುಗಳನ್ನು ಒಂದಕ್ಕೊಂದು ಜೋಡಿಸಲು ಬೇರೆ ಸರ್ಕೀಟು ಬೇಕು. ಪರಮ್‌ನಲ್ಲಿ ಬಳಸಿದ ಟಿ800 ಚಿಪ್ಪಿನಲ್ಲಾದರೋ ಹುಟ್ಟಿನಿಂದಲೇ ನಾಲ್ಕು ಸಂಪರ್ಕ ತಂತುಗಳು. ಪಕ್ಕದವನ ಕೈ ಹಿಡಿದು ನಿಲ್ಲುತ್ತ ಹೋದರೆ ಎಷ್ಟು ದೊಡ್ಡ ಗುಂಪನ್ನಾದರೂ ಕಟ್ಟಬಹುದು. ಸಮಾಂತರ ಗಣಕ ಕಟ್ಟುವವರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಚಿಪ್ ಇನ್ನೊಂದಿರಲಿಲ್ಲ. ಆದರೆ ಇನ್‌ಮಾಸ್ 1989ರಲ್ಲೇ ಬೇರೆ ಕಂಪನಿಯ ಕೈ ಸೇರಿತ್ತು. ಮುಂದಿನ ಪೀಳಿಗೆಯ ಟಿ9000 ತಡವಾಗುತ್ತ ಹೋಯಿತು. ಅಷ್ಟರಲ್ಲಿ ಬೇರೆಯವರ ಪ್ರೊಸೆಸರುಗಳು ವೇಗದಲ್ಲಿ ಬಹುದೂರ ಓಡಿದ್ದವು. ಟ್ರಾನ್ಸ್‌ಪ್ಯೂಟರಿನ ವಂಶವೇ ನಿಂತುಹೋಯಿತು.

ಇಲ್ಲಿ ಯಾರೂ ನಮ್ಮ ಮೇಲೆ ನಿರ್ಬಂಧ ಹೇರಿರಲಿಲ್ಲ, ಗಮನಿಸಿ. ಯಾರ ಹಗೆತನವೂ ಇಲ್ಲದೆ, ಕೇವಲ ವ್ಯಾಪಾರದ ಕಾರಣಕ್ಕೆ ಚಿಪ್ ಸತ್ತಿತು. ಅದನ್ನು ನಂಬಿ ಗಣಕ ಕಟ್ಟಿದವರು ಹೊಸ ಪ್ರೊಸೆಸರ್ ಹುಡುಕಬೇಕಾಯಿತು. ಪರಮ್ 9000ಕ್ಕೂ 1998ರ ಪರಮ್ 10000ಕ್ಕೂ ಸನ್ ಕಂಪನಿಯ ಸ್ಪಾರ್ಕ್ ವಂಶದ ಚಿಪ್ಪುಗಳು ಬಂದವು. ಬೆಂಗಳೂರಿನಲ್ಲಿ ಸ್ಥಾಪಿಸಿದ ಪರಮ್ ಪದ್ಮದಲ್ಲಿ ಐಬಿಎಂನ 248 ಪವರ್4 ಪ್ರೊಸೆಸರುಗಳಿದ್ದವು. 2003ರ ಜೂನ್‌ನಲ್ಲಿ ಅದು ವಿಶ್ವದ ಮೊದಲ 500 ಗಣಕಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು. ಸಾಧನೆ ಸಣ್ಣದಲ್ಲ. ಆದರೆ ಪ್ರೊಸೆಸರ್ ಬದಲಾದಾಗಲೆಲ್ಲ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಹೊಂದಿಸಿ, ಮತ್ತೆ ಪರೀಕ್ಷಿಸಬೇಕು. ಹಳೆಯ ಅನುಭವದಲ್ಲಿ ಒಂದಷ್ಟು ಪಾಲು ಪ್ರತಿ ಸಲವೂ ನಷ್ಟ.

ಪ್ರಯೋಗಾಲಯದ ಗಣಕಕ್ಕೆ ಈ ನಷ್ಟ ತಡೆದುಕೊಳ್ಳಬಹುದಾದದ್ದು. ರಾಕೆಟ್ಟಿನ ಗಣಕಕ್ಕೆ?

ರಾಕೆಟ್ ಹಾರುವುದು ಹದಿನೆಂಟು ಇಪ್ಪತ್ತು ನಿಮಿಷ. ಅದರೊಳಗಿನ ಗಣಕ ಕ್ಷಣಕ್ಷಣಕ್ಕೂ ದಿಕ್ಕು, ವೇಗಗಳನ್ನು ಅಳೆದು, ಮುಂದಿನ ಕ್ಷಣ ಎಷ್ಟು ತಿರುಗಬೇಕೆಂದು ಆಜ್ಞೆ ಕೊಡುತ್ತದೆ. ಲೆಕ್ಕವೇನೂ ಅಗಾಧವಲ್ಲ. ಆದರೆ ಪ್ರತಿ ಲೆಕ್ಕವೂ ನಿಗದಿತ ಗಳಿಗೆಯೊಳಗೆ ಮುಗಿಯಲೇಬೇಕು, ತಪ್ಪಿದರೆ ತಿದ್ದಲು ಅವಕಾಶವಿಲ್ಲ. 1993ರ ಸೆಪ್ಟೆಂಬರ್ 20ರಂದು ಹಾರಿದ ಮೊದಲ ಪಿಎಸ್‌ಎಲ್‌ವಿ ಕಕ್ಷೆ ಸೇರಲಿಲ್ಲ. ಎಂಜಿನ್ನುಗಳು ಕೆಲಸ ಮಾಡಿದ್ದವು. ಎರಡನೆಯ ಹಂತ ಕಳಚಿಕೊಳ್ಳುವ ಹೊತ್ತಿಗೆ ರಾಕೆಟ್ ನಿರೀಕ್ಷೆಗಿಂತ ಹೆಚ್ಚು ಅಲುಗಿತು. ಮೂತಿಯನ್ನು ಮೇಲೆ ಕೆಳಗೆ ತಿರುಗಿಸುವ ನಿಯಂತ್ರಣದ ಆಜ್ಞೆ ಗರಿಷ್ಠ ಮಿತಿಯನ್ನು ದಾಟಿತು. ಹಾಗೆ ದಾಟಿದಾಗ ಮಾತ್ರ ಹೊರಬರುವ ದೋಷವೊಂದು ತಂತ್ರಾಂಶದಲ್ಲಿ ಅಡಗಿತ್ತು.

ಮಿತಿ ದಾಟುವುದು ಎಂದರೇನು ಎಂಬುದನ್ನು ಕರಿಹಲಗೆಯ ಮೇಲೇ ತೋರಿಸಬಹುದು. 16 ಬಿಟ್ಟುಗಳಲ್ಲಿ ಬರೆಯಬಹುದಾದ ಭಿನ್ನ ವಿನ್ಯಾಸಗಳು 65,536. ಋಣ ಸಂಖ್ಯೆಗಳಿಗೂ ಜಾಗ ಕೊಟ್ಟರೆ ವ್ಯಾಪ್ತಿ −32,768ರಿಂದ 32,767ರವರೆಗೆ. 32,767ಕ್ಕೆ ಒಂದು ಕೂಡಿಸಿದರೆ ಉತ್ತರ −32,768 ಆಗಿಬಿಡುತ್ತದೆ! ಹಳೆಯ ಸ್ಕೂಟರಿನ ಮೀಟರು 99,999 ಮುಗಿಸಿ ಸೊನ್ನೆಗೆ ಬರುವುದಿಲ್ಲವೇ, ಹಾಗೆ. ಯುರೋಪಿನವರ ಏರಿಯಾನ್ 5ರ ಮೊದಲ ರಾಕೆಟ್ 1996ರ ಜೂನ್ 4ರಂದು 40 ಸೆಕೆಂಡಿನೊಳಗೆ ನಾಶವಾದದ್ದು 16 ಬಿಟ್ಟಿನ ಈ ಮಿತಿಯಿಂದಲೇ. ಏರಿಯಾನ್ 4ಕ್ಕಾಗಿ ಬರೆದ ತಂತ್ರಾಂಶವನ್ನು ಹೆಚ್ಚು ಜೋರಾಗಿ ಹಾರುವ ಹೊಸ ರಾಕೆಟ್ಟಿಗೆ ಹಾಗೆಯೇ ಇಟ್ಟಿದ್ದರು. ಅಡ್ಡವೇಗಕ್ಕೆ ಸಂಬಂಧಿಸಿದ 64 ಬಿಟ್ಟಿನ ಒಂದು ಸಂಖ್ಯೆ 16 ಬಿಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಘಟಕ ದೋಷ ಸಾರಿ ಕೈಚೆಲ್ಲಿತು. ಮೀಸಲು ಘಟಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದರ ಗತಿಯೂ ಅದೇ.

ಹೀಗಾಗಿ ರಾಕೆಟ್ ಕಟ್ಟುವವರಿಗೆ ವೇಗದ ಪ್ರೊಸೆಸರಿಗಿಂತ ಪೂರ್ತಿ ಪರಿಚಯವಿರುವ ಪ್ರೊಸೆಸರ್ ಮುಖ್ಯ. ಹತ್ತಾರು ಹಾರಾಟಗಳಲ್ಲಿ ಪರೀಕ್ಷೆಗೊಂಡ ಚಿಪ್ ಇಪ್ಪತ್ತು ವರ್ಷದ ಮೇಲೂ ಸಿಗಬೇಕು. ಮಾರುಕಟ್ಟೆ ಈ ಭರವಸೆಯನ್ನು ಕೊಡುವುದಿಲ್ಲ. ಇದರ ಮೇಲೆ ರಾಜಕೀಯ ಬೇರೆ. ಕ್ರಯೋಜೆನಿಕ್ ಎಂಜಿನ್ ಒಪ್ಪಂದದ ನೆಪದಲ್ಲಿ 1992ರಲ್ಲಿ ಅಮೆರಿಕ ಇಸ್ರೋ ಮೇಲೆ ಎರಡು ವರ್ಷಗಳ ನಿರ್ಬಂಧ ಹೇರಿತು. 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಇಸ್ರೋ ಘಟಕಗಳು ರಫ್ತು ನಿಯಂತ್ರಣ ಪಟ್ಟಿಗೆ ಸೇರಿದವು. ಕೊನೆಯ ಹೆಸರುಗಳು ಅದರಿಂದ ಹೊರಬಂದದ್ದು 2011ರಲ್ಲಿ.

ಇಸ್ರೋ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದ್ದರೂ ರಾಕೆಟ್ಟುಗಳ ವಿನ್ಯಾಸ ನಡೆಯುವುದು ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದಲ್ಲಿ. ಅಲ್ಲಿ ರೂಪುಗೊಂಡ 16 ಬಿಟ್ಟಿನ ವಿಕ್ರಮ್ 1601, 2009ರಿಂದ ನಮ್ಮ ರಾಕೆಟ್ಟುಗಳಲ್ಲಿ ಕೆಲಸ ಮಾಡುತ್ತಿದೆ. ಆದರೆ ವಿನ್ಯಾಸ ನಮ್ಮದಾದ ಮಾತ್ರಕ್ಕೆ ಚಿಪ್ ನಮ್ಮಲ್ಲೇ ತಯಾರಾದಂತಲ್ಲ. ಮೊಹಾಲಿಯ ಕಾರ್ಖಾನೆಯಲ್ಲಿ ತಯಾರಾದ ವಿಕ್ರಮ್ 1601 ಬಳಕೆಗೆ ಬಂದದ್ದು 2016ರಲ್ಲಿ.

ಈ ಕಾರ್ಖಾನೆಯದೇ ಒಂದು ದುಃಖದ ಕಥೆ. 1984ರಲ್ಲಿ 5 ಮೈಕ್ರಾನ್ ತಂತ್ರದೊಂದಿಗೆ ಅಲ್ಲಿ ಉತ್ಪಾದನೆ ಶುರುವಾದಾಗ ಜಗತ್ತಿಗಿಂತ ನಾವು ತೀರಾ ಹಿಂದೆ ಇರಲಿಲ್ಲ. 1989ರ ಫೆಬ್ರವರಿಯಲ್ಲಿ ಬಿದ್ದ ಬೆಂಕಿ ಅದನ್ನು ಸುಟ್ಟುಹಾಕಿತು. ಮತ್ತೆ ಕಟ್ಟಿ ಎಬ್ಬಿಸಲು ವರ್ಷಗಳೇ ಹಿಡಿದವು, ಅಷ್ಟರಲ್ಲಿ ಚಿಪ್ ಉದ್ಯಮ ಕಾಯದೆ ಮುಂದೆ ಹೋಗಿತ್ತು. 180 ನ್ಯಾನೊಮೀಟರ್ ಎಂದು ನಗುವ ವಿದ್ಯಾರ್ಥಿಗೆ ಇದನ್ನೂ ಹೇಳಿ. ಜೊತೆಗೆ ಇನ್ನೊಂದು ಮಾತು: ಟ್ರಾನ್ಸಿಸ್ಟರ್ ಕಿರಿದಾದಷ್ಟೂ ಒಂದು ಬಿಟ್ಟನ್ನು ಹಿಡಿದಿಡುವ ವಿದ್ಯುದಾವೇಶವೂ ಕಿರಿದು. ಬಾಹ್ಯಾಕಾಶದ ಕಣವೊಂದು ಬಡಿದರೆ ಅದು 0ಯಿಂದ 1ಕ್ಕೆ ಮಗುಚುವುದು ಅಷ್ಟೇ ಸುಲಭ. ದೊಡ್ಡ ಟ್ರಾನ್ಸಿಸ್ಟರ್ ಅಲ್ಲಿ ನಾಚಿಕೆಯ ವಿಷಯವಲ್ಲ.

ಹಾಗಾದರೆ 'ನಮ್ಮದೇ ಪ್ರೊಸೆಸರ್' ಎಂದರೆ ಸರಿಯಾಗಿ ಏನು? ಸಾಗರದ ಹತ್ತಿರದ ಹೆಗ್ಗೋಡಿನ ಚರಕದ ಬಟ್ಟೆಯನ್ನು ನೀವು ನೋಡಿರಬಹುದು. ನೇಯ್ಗೆ ಅಲ್ಲಿನ ಹೆಂಗಸರದು, ಬಣ್ಣಕ್ಕೆ ಅಡಿಕೆ ಚೊಗರಿನಂಥ ಮಲೆನಾಡಿನದೇ ವಸ್ತು. ಹತ್ತಿ ಮಾತ್ರ ಮಲೆನಾಡಿನ ಬೆಳೆಯಲ್ಲ, ಅದು ಹೊರಗಿನಿಂದಲೇ ಬರಬೇಕು. ಆದರೂ ಅದನ್ನು ಹೆಗ್ಗೋಡಿನ ಬಟ್ಟೆ ಎನ್ನುತ್ತೇವೆ, ತಪ್ಪೇನಿಲ್ಲ. ಪ್ರೊಸೆಸರಿನಲ್ಲೂ ಹೀಗೆ ಪದರಗಳಿವೆ. ಯಾವ ಸಂಕೇತಕ್ಕೆ ಯಾವ ಕೆಲಸ ಎಂಬ ಆದೇಶಗಳ ಪಟ್ಟಿ ಒಂದು. ಅದನ್ನು ನಡೆಸುವ ಸರ್ಕೀಟಿನ ವಿನ್ಯಾಸ ಇನ್ನೊಂದು. ಸಿಲಿಕಾನಿನ ಮೇಲೆ ಮೂಡಿಸುವ ಕಾರ್ಖಾನೆ ಮತ್ತೊಂದು. ನಾವು ಬರೆದ ಪ್ರೋಗ್ರಾಮನ್ನು ಆ ಆದೇಶಗಳಿಗೆ ಇಳಿಸುವ ಕಂಪೈಲರ್ ಮಗದೊಂದು.

ಆಪಲ್ ಕಂಪನಿಯನ್ನೇ ತೆಗೆದುಕೊಳ್ಳಿ. 1984ರ ಮೆಕಿಂಟಾಷ್‌ನಲ್ಲಿ ಮೊಟೊರೊಲಾ ಚಿಪ್, 1994ರಿಂದ ಪವರ್‌ಪಿಸಿ, 2006ರಿಂದ ಇಂಟೆಲ್. ಕೊನೆಗೆ 2020ರ ನವೆಂಬರಿನಲ್ಲಿ ಸ್ವಂತ ವಿನ್ಯಾಸದ ಎಂ1. ಜಗತ್ತು ಅದನ್ನು ಆಪಲ್‌ನದೇ ಎಂದಿತು. ಆದರೆ ಆದೇಶಗಳ ಪಟ್ಟಿ ಬ್ರಿಟನ್ನಿನ ಆರ್ಮ್ ಕಂಪನಿಯದು, ತಯಾರಿಕೆ ತೈವಾನಿನ ಟಿಎಸ್‌ಎಂಸಿಯದು. ಸಿ-ಡ್ಯಾಕ್ ತನ್ನ ಸೂಪರ್‌ಕಂಪ್ಯೂಟರುಗಳಿಗಾಗಿ ಕೈಗೆತ್ತಿಕೊಂಡ ಔಮ್ ಪ್ರೊಸೆಸರಿನಲ್ಲಿ 96 ಗಣನಾ ತಿರುಳುಗಳು. ಆ ತಿರುಳಿನ ವಿನ್ಯಾಸವೂ ಆರ್ಮ್‌ನದೇ, ಅವುಗಳನ್ನು ಕೂಡಿಸಿ ಇಡೀ ಚಿಪ್ಪನ್ನು ರೂಪಿಸುವುದು ಸಿ-ಡ್ಯಾಕ್ ಪಾಲು. ಅದೇ ಸಂಸ್ಥೆಯ ವೇಗಾ ಸರಣಿಯಲ್ಲಿ ಆದೇಶಗಳ ಪಟ್ಟಿ ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್, ತಿರುಳು ಮಾತ್ರ ಸ್ವಂತದ್ದು.

ಈ ಸಾಲಿನಲ್ಲಿ ವಿಕ್ರಮ್ ವಿಶೇಷವಾದದ್ದು. ಆದೇಶಗಳ ಪಟ್ಟಿ ಇಸ್ರೋದ್ದೇ, ವಿನ್ಯಾಸವೂ ಹೌದು, ತಯಾರಿಕೆ ಮೊಹಾಲಿಯದು. ರಾಕೆಟ್ಟಿನ ತಂತ್ರಾಂಶ ಬರೆಯುವ ಏಡಾ ಭಾಷೆಯ ಕಂಪೈಲರನ್ನೂ ಜೊತೆಯ ಉಪಕರಣಗಳನ್ನೂ ಇಸ್ರೋದವರೇ ಬರೆದುಕೊಂಡಿದ್ದಾರೆ. −55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯನ್ನು ಚಿಪ್ ತಾಳುತ್ತದೆ. 32 ಬಿಟ್ ಅಗಲವೂ ತೇಲುಬಿಂದು ಗಣನೆಯೂ ಇರುವುದರಿಂದ ಪ್ರತಿ ಸಂಖ್ಯೆಯನ್ನೂ 32,767ರೊಳಗೆ ಹಿಸುಕಿ ಕೂರಿಸುವ ಪಾಡು ಇಲ್ಲ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತವನ್ನು ಕಕ್ಷೆಯಲ್ಲೇ ಪ್ರಯೋಗಪೀಠವಾಗಿ ಬಳಸಿದರಲ್ಲ, ಆ ಪೀಠದ ಗಣಕದಲ್ಲಿ ವಿಕ್ರಮ್ 3201 ಮೊದಲ ಬಾಹ್ಯಾಕಾಶ ಪರೀಕ್ಷೆಯನ್ನು ಮುಗಿಸಿತು.

ಎಲ್ಲ ಪದರಗಳೂ ಸ್ವಂತವಾದರೆ ಅದಕ್ಕೊಂದು ಬೆಲೆಯಿದೆ. ಆ ಆದೇಶಗಳ ಪಟ್ಟಿಗೆ ಹೊರಗಿನ ಯಾರೂ ತಂತ್ರಾಂಶ ಬರೆದು ಕೊಡುವುದಿಲ್ಲ. ಸಣ್ಣದೊಂದು ಉಪಕರಣ ಬೇಕಿದ್ದರೂ ನಾವೇ ಕೂತು ಬರೆಯಬೇಕು. ಇಸ್ರೋಗೆ ಇದು ತಿಳಿಯದ್ದೇನಲ್ಲ. 2025ರ ಮಾರ್ಚ್ 5ರಂದು ವಿಕ್ರಮ್ 3201ರ ಜೊತೆಗೇ ಕಲ್ಪನಾ 3201 ಎಂಬ ಇನ್ನೊಂದು ಪ್ರೊಸೆಸರನ್ನೂ ಇಸ್ರೋ ಅಧ್ಯಕ್ಷರಿಗೆ ಒಪ್ಪಿಸಲಾಯಿತು. ಅದರ ಆದೇಶಗಳ ಪಟ್ಟಿ ಸ್ಪಾರ್ಕ್, ಒಂದು ಕಾಲಕ್ಕೆ ಪರಮ್‌ನಲ್ಲಿ ಓಡಿದ ವಂಶದ್ದೇ. ಆ ಪಟ್ಟಿ ಸಾರ್ವಜನಿಕ ಮಾನಕವಾಗಿರುವುದರಿಂದ ಜಗತ್ತಿನವರು ಬರೆದಿಟ್ಟ ಮುಕ್ತ ತಂತ್ರಾಂಶ ಉಪಕರಣಗಳು ಕಲ್ಪನಾಕ್ಕೆ ಒಗ್ಗುತ್ತವೆ. ವಿಕ್ರಮ್ 3201ಕ್ಕಾದರೆ ಸಿ ಭಾಷೆಯ ಕಂಪೈಲರ್ ಅದನ್ನು ಒಪ್ಪಿಸಿದ ದಿನಕ್ಕೂ ಇನ್ನೂ ಸಿದ್ಧವಾಗುತ್ತಲೇ ಇತ್ತು.