ಸೂಜಿಗೆ ಕರೆಂಟ್ ಕೊಟ್ಟರೆ ಬೆನ್ನುಹುರಿಗೇನು?

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಫಿಸಿಯೊಥೆರಪಿ ಕ್ಲಿನಿಕ್‌ಗಳಿಗೆ ಹೋಗುವ ಮಂಡಿನೋವಿನವರು ‘ಕರೆಂಟ್ ಇಡಿಸಿಕೊಂಡು ಬಂದೆ’ ಎನ್ನುವುದು ಮಾಮೂಲು. ಆ ಕರೆಂಟು ಚರ್ಮದ ಮೇಲಿಟ್ಟ ಪ್ಯಾಡಿನಿಂದ ಹೋಗುತ್ತದೆ. ಅದನ್ನೇ ಅಕ್ಯುಪಂಕ್ಚರ್ ಸೂಜಿಗಳಲ್ಲಿ ಹರಿಸಿದರೆ ಎಲೆಕ್ಟ್ರೊ ಅಕ್ಯುಪಂಕ್ಚರ್. ಬೆನ್ನುಹುರಿಗೆ ಪೆಟ್ಟು ಬಿದ್ದು, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದಲೋ ನಿಮ್ಹಾನ್ಸ್‌ನಿಂದಲೋ ಮನೆಗೆ ಬಂದವರ ಕಡೆಯವರಿಗೆ ಬೇಕಾದ ಉತ್ತರ ಒಂದೇ: ಇದರಿಂದ ಎದ್ದು ನಡೆಯುತ್ತಾರಾ? ಸಂಶೋಧನೆ ಅಷ್ಟಿಷ್ಟು ಉತ್ತರ ಕೊಟ್ಟಿರುವುದು ಮೂತ್ರದ ವಿಷಯದಲ್ಲಿ, ನೋವಿನ ವಿಷಯದಲ್ಲಿ.

ಸೂಜಿಗೆ ವಿದ್ಯುತ್ ಜೋಡಿಸಿದ್ದು ಚೀನಾದಲ್ಲಿ ಮೊದಲಲ್ಲ. ಫ್ರಾನ್ಸಿನ ವೈದ್ಯ ಸಾರ್ಲಾಂಡಿಯೆರ್ 1825ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದ. ಭಾರತಕ್ಕೆ ಅಕ್ಯುಪಂಕ್ಚರ್ ಬಂದ ದಾರಿ ನಮ್ಮ ಗಡಿಗೆ ಹತ್ತಿರದ್ದು. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಇದ್ದರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಲ್ಲಿ ಕೋಲ್ಕತ್ತದಲ್ಲಿ ಚಿಕಿತ್ಸೆ ಶುರುಮಾಡಿದರು.

1970ರ ದಶಕದಲ್ಲಿ ಟೊರಾಂಟೊದ ಸಂಶೋಧಕ ಪೊಮರಾನ್ಜ್, ನಾಲಾಕ್ಸೋನ್ ಕೊಟ್ಟ ಇಲಿಗಳಲ್ಲಿ ಸೂಜಿಯ ನೋವುನಿವಾರಕ ಗುಣ ಕೆಲಸ ಮಾಡದ್ದನ್ನು ಕಂಡರು. ಅಫೀಮಿನಂಥ ವಸ್ತುಗಳ ಪರಿಣಾಮವನ್ನು ತಡೆಯುವ ಔಷಧ ಅದು. ಅಂದರೆ ದೇಹವೇ ತನ್ನ ನೋವಿಗೆ ಮದ್ದು ಸುರಿಸುತ್ತಿತ್ತು. ಬೀಜಿಂಗಿನ ಹಾನ್ ಜಿಶೆಂಗ್ ಇನ್ನೂ ಮುಂದೆ ಹೋದರು: ದೇಹ ಸುರಿಸುವ ಮದ್ದು 2 ಹರ್ಟ್ಸ್ ಮಿಡಿತಕ್ಕೆ ಎನ್‌ಕೆಫಲಿನ್, 100 ಹರ್ಟ್ಸ್‌ಗೆ ಡೈನಾರ್ಫಿನ್. ಅಲ್ಲಿಂದೀಚೆಗೆ ‘ಚಿ’ ಎಂಬ ಜೀವಶಕ್ತಿಯನ್ನು ನಂಬದವರೂ ಈ ಚಿಕಿತ್ಸೆಯ ಬಗ್ಗೆ ಗಂಭೀರವಾಗಿ ಮಾತಾಡುವಂತಾಯಿತು.

ಬೆನ್ನುಹುರಿಯ ಸರದಿ ಬಂದದ್ದು ತೈವಾನಿನಲ್ಲಿ. 1998ರ ವರದಿಯೊಂದರ ಪ್ರಕಾರ, ಎಲೆಕ್ಟ್ರೊ ಅಕ್ಯುಪಂಕ್ಚರ್ ಪಡೆದವರ ಮೂತ್ರಕೋಶ ಬೇಗ ಹತೋಟಿಗೆ ಬಂತು. ಪೆಟ್ಟಾದ ಮೂರು ವಾರದೊಳಗೆ ಶುರುಮಾಡಿದವರಿಗೆ ಇನ್ನೂ ಬೇಗ. ದಿನಕ್ಕೆ ನಾಲ್ಕೈದು ಸಲ ನಳಿಕೆ ಹಾಕಿ ಮೂತ್ರ ತೆಗೆಯುವ ಮನೆಗಳಿಗೆ ಇದು ಸಣ್ಣ ಲಾಭವಲ್ಲ. 2003ರ ಅಧ್ಯಯನ ಇನ್ನೂ ಹೆಸರಾಯಿತು. ಹೊಸದಾಗಿ ಪೆಟ್ಟಾದ 100 ಜನರಲ್ಲಿ, ಚಿಕಿತ್ಸೆ ಪಡೆದವರ ಚಲನೆ, ಸ್ಪರ್ಶ, ದಿನಚರಿಯ ಅಂಕಗಳು ಹೆಚ್ಚು ಏರಿದವು. ಒಂದು ತಮಾಷೆ ನೋಡಿ: ಕೈಕಾಲಿನ ಬಿಂದುಗಳಿಗೆ ಅವರು ಬಳಸಿದ್ದು ಸೂಜಿಯನ್ನಲ್ಲ, ಅಂಟಿಸುವ ಪ್ಯಾಡನ್ನು. ಹೆಚ್ಚುಕಡಿಮೆ ನಮ್ಮ ಬಡಾವಣೆಯ ಕರೆಂಟೇ!

ಇಲ್ಲಿ ಕಣ್ಣು ತೆರೆದು ಓದಬೇಕು. ಬೆನ್ನುಹುರಿ ತಾನಾಗಿ ಚೇತರಿಸಿಕೊಳ್ಳುವುದೂ ಬಹುಮಟ್ಟಿಗೆ ಮೊದಲ ಆರು ತಿಂಗಳಲ್ಲೇ. ಹೋಲಿಸಲು ಸುಳ್ಳು ಸೂಜಿಯ ಗುಂಪಿಲ್ಲದೆ, ಲಾಭ ಚಿಕಿತ್ಸೆಯದ್ದೋ ತಾನಾಗಿ ಆದದ್ದೋ ಎಂದು ಹೇಳುವುದು ಕಷ್ಟ. ಅಮೆರಿಕದಲ್ಲಿ ವೀಲ್‌ಚೇರ್ ತಳ್ಳಿ ಭುಜ ನೋಯಿಸಿಕೊಂಡವರಿಗೆ 2007ರಲ್ಲಿ ಹೀಗೆ ಹೋಲಿಸಿ ನೋಡಿದಾಗ, ಸೂಜಿ ಚುಚ್ಚಿಸಿಕೊಂಡವರಿಗೂ ಸುಳ್ಳು ಚಿಕಿತ್ಸೆಯವರಿಗೂ ನೋವು ತಗ್ಗಿತ್ತು. ಗುವಾಂಗ್‌ಝೌನಲ್ಲಿ ಜೆಂಗ್ ಯುವಾನ್‌ಶಾನ್ ಅವರ ತಂಡ ಎಲೆಕ್ಟ್ರೊ ಅಕ್ಯುಪಂಕ್ಚರನ್ನು ಕಾಂಡಕೋಶದೊಂದಿಗೆ ಸೇರಿಸಿ ನರತಂತುಗಳನ್ನು ಬೆಳೆಸಿದ್ದು ಇಲಿಗಳಲ್ಲಿ. ಜಾಹೀರಾತುಗಳು ಆ ಇಲಿಯನ್ನು ಮರೆತುಬಿಡುತ್ತವೆ.

ಕರ್ನಾಟಕದಲ್ಲಿ ಈ ವಿದ್ಯೆ ಬೇರುಬಿಟ್ಟಿದ್ದು ಪುನಶ್ಚೇತನ ವಾರ್ಡಿಗಿಂತ ಪ್ರಕೃತಿ ಚಿಕಿತ್ಸೆಯ ಅಂಗಳದಲ್ಲಿ: 1989ರಲ್ಲಿ ಶುರುವಾದ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು, ತುಮಕೂರು ರಸ್ತೆಯ ಜಿಂದಾಲ್. ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯೆಂದು. ಮಾನ್ಯತೆ ಬೇರೆ, ಪುರಾವೆ ಬೇರೆ. ಮಾಡಿಸಲೇಬೇಕೆಂದರೆ ವ್ಯಾಯಾಮ, ಹಾಸಿಗೆ ಹುಣ್ಣಿನ ಎಚ್ಚರ ಬಿಡದೆ, ಜೊತೆಗೆ ಇದೂ ಇರಲಿ. ಸ್ಪರ್ಶವಿಲ್ಲದ ಕಾಲಿನಲ್ಲಿ ಕರೆಂಟು ಹೆಚ್ಚಾದರೂ ರೋಗಿಗೆ ಗೊತ್ತಾಗದು. ಎದೆಯ ಆರನೇ ಕಶೇರುಕದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗಂತೂ ಕೆಳಗಿನ ಪ್ರಚೋದನೆಯಿಂದ ಬಿಪಿ ಥಟ್ಟನೆ ಏರಬಹುದು. ತಲೆಸಿಡಿತ, ಮುಖದಲ್ಲಿ ಬೆವರು ಕಂಡರೆ ಕೂಡಲೇ ಕರೆಂಟು ನಿಲ್ಲಿಸಿ, ರೋಗಿಯನ್ನು ಎಬ್ಬಿಸಿ ಕೂರಿಸಬೇಕು.